ಉಳಿದ ಚೀಟಿಯ ತುಂಡುಗಳು: ಹೊಲಿಗೆಯ ಒಂದು ಪಾಠ

ಹೊಲಿಗೆ ನಡೆಯುವ ಪ್ರತಿಯೊಂದು ಮನೆಯಲ್ಲಿಯೂ ಚೂರುಬಟ್ಟೆಗಳ ಗಂಟೊಂದು ಇದ್ದೇ ಇರುವದು. ರವಿಕೆಯ ಕೊರಳನ್ನು ಕತ್ತರಿಸಿದಾಗ ಮಿಕ್ಕ ಅರ್ಧಚಂದ್ರ, ತೋಳಿನ ಕೆಳಗಿನಿಂದ ಬಂದ ಮುಕ್ಕೋಣ, ಲಂಗದ ಅಳತೆಗೆ ಹೆಚ್ಚಾಗಿ ಉಳಿದ ಗೇಣಗಲದ ಪಟ್ಟಿ, ಇವೆಲ್ಲವೂ ಆ ಗಂಟನ್ನು ಸೇರುವವು. ಹೂಬಳ್ಳಿಗಳ ಅಚ್ಚುಳ್ಳ ಚೀಟಿ ಬಟ್ಟೆಯ ತುಂಡಾದರೆ ಅದನ್ನು ಬಿಸಾಡಲು ಯಾರಿಗೂ ಮನಸ್ಸು ಬಾರದು. ಆದರೆ ಅದರಿಂದ ಏನು ಮಾಡಬೇಕೆಂಬದೂ ತೋಚದು. ಹೀಗೆ ವರ್ಷಗಟ್ಟಲೆ ಕಟ್ಟಿಟ್ಟ ಗಂಟು ಕಡೆಗೆ ನೆಲ ಒರಸುವ ಅರಿವೆಯಾಗಿ ಕೊನೆಗಾಣುವದು. ಅಂಥ ತುಂಡುಗಳನ್ನು ಕೈಯಾರೆ ಹೊಲಿದ ಉಡುಪಿನಲ್ಲಿ ಅಲಂಕಾರವಾಗಿ ಕೂಡಿಸುವ ಕ್ರಮವನ್ನು ನಮ್ಮ ವಿದ್ಯಾರ್ಥಿನಿಯರಿಗೂ ಅವರ ತಾಯಂದಿರಿಗೂ ತಿಳಿಸುವದೇ ಈ ಲೇಖನದ ಉದ್ದೇಶ.

ಈ ಪಾಠವನ್ನು ನಮಗೆ ಕಲಿಸಿದವಳು ನಮ್ಮ ವಿದ್ಯಾರ್ಥಿನಿಯೇ. ಕೆಲವು ವರ್ಷಗಳ ಕೆಳಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳೆಲ್ಲರೂ ತಮ್ಮ ತಮ್ಮ ಮನೆಯ ಉಡುಪಿನಲ್ಲಿ ಬರಬಹುದೆಂದು ಹೇಳಿದ್ದೆವು. ಹಾಡಿನ ಅಭ್ಯಾಸದ ದಿನ ಎಂಟನೆಯ ತರಗತಿಯ ಒಬ್ಬ ಹುಡುಗಿ ಹಸಿರು ಲಂಗವನ್ನುಟ್ಟು ಬಿಳಿಯ ರವಿಕೆಯನ್ನು ತೊಟ್ಟು ಬಂದಳು. ಲಂಗವು ಮೋಟಾಗಿದ್ದುದರಿಂದ ಅವಳ ತಾಯಿ ಅದರ ಕೆಳಗೆ ಕೆಂಪು ಹೂವಿನ ಚೀಟಿಯ ಪಟ್ಟಿಯೊಂದನ್ನು ಕೂಡಿಸಿದ್ದರು. "ತೇಪೆ ಲಂಗ" ಎಂದು ಯಾರೋ ಅಂದರು, ಕೆಲವರು ನಕ್ಕರು. ನಾವು ಅದನ್ನು ಕೇಳಿಯೂ ಕೆಲಸದ ಗಡಿಬಿಡಿಯಲ್ಲಿ ಸುಮ್ಮನಾದೆವು. ಅದು ನಮ್ಮ ತಪ್ಪು. ಮರುದಿನ ಅವಳು ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಂದವಳು ಉತ್ಸವದಲ್ಲಿ ತಾನು ಹಾಡುವದಿಲ್ಲವೆಂದಳು. ಕಾರಣವನ್ನು ಕೇಳಲು, ಬಹಳ ಹೊತ್ತಿನ ಮೇಲೆ, "ಟೀಚರ್, ಅದು ಅಮ್ಮ ರಾತ್ರಿ ಕೂತು ಹೊಲಿದದ್ದು" ಎಂದಷ್ಟೇ ಹೇಳಿದಳು.

ತಾಯಿಯ ಹೊಲಿಗೆಯಲ್ಲಿ ದೋಷವಿರಲಿಲ್ಲ. ದಾರ ನೆಟ್ಟಗಿತ್ತು, ಬಟ್ಟೆ ಗಟ್ಟಿಯಾಗಿತ್ತು, ಕೆಂಪು ಹಸಿರುಗಳು ಒಂದಕ್ಕೊಂದು ಒಪ್ಪುವ ಬಣ್ಣಗಳೇ ಆಗಿದ್ದವು. ಹಾಗಾದರೆ ಅದು ಅಲಂಕಾರವಾಗಿ ತೋರದೆ ತೇಪೆಯಾಗಿ ತೋರಿದ್ದೇತಕ್ಕೆ? ಈ ಪ್ರಶ್ನೆಯ ಉತ್ತರವನ್ನು ಹುಡುಕಿದುದರಿಂದಲೇ ಮುಂದಿನ ಪಾಠ ಹುಟ್ಟಿತು. ಆ ಲಂಗದ ಕಥೆಯ ಉಳಿದ ಭಾಗವನ್ನು ಕಡೆಯಲ್ಲಿ ಹೇಳುವೆವು.

ತುಂಡಿನ ಬೆಲೆ

ಚೀಟಿ ಬಟ್ಟೆಯ ವಿದ್ಯೆಯು ನಮ್ಮ ದೇಶದ್ದೇ. ನಾವು ಚೀಟಿಯೆನ್ನುವದೂ ಇಂಗ್ಲಿಷರು ಚಿಂಟ್ಸ್ ಎನ್ನುವದೂ ಹಿಂದಿಯ ಛೀಂಟ್ ಎಂಬ ಒಂದೇ ಶಬ್ದದಿಂದ ಬಂದವು. ಪಟಿಕವೇ ಮೊದಲಾದ ಲವಣಗಳನ್ನು ಬಟ್ಟೆಗೆ ಹಚ್ಚಿ, ಬಣ್ಣವು ನೂಲನ್ನು ಬಿಡದಂತೆ ಹಿಡಿಸುವದನ್ನು ಬಲ್ಲ ಕೋರಮಂಡಲ ತೀರದ ಮತ್ತು ಗುಜರಾತಿನ ಕುಶಲರ ಕೈಕೆಲಸವು 17ನೆಯ ಶತಮಾನದಲ್ಲಿ ಹಡಗುಗಳನ್ನೇರಿ ಯುರೋಪಿಗೆ ಹೋಯಿತು. ತೊಳೆದರೂ ಮಾಸದ ಆ ಬಣ್ಣಗಳಿಗೆ ಅಲ್ಲಿಯ ಜನರು ಮರುಳಾದರು. ಅಲ್ಲಿಯ ಉಣ್ಣೆ ರೇಶ್ಮೆಗಳ ನೇಕಾರರು ತಮ್ಮ ಹೊಟ್ಟೆಪಾಡಿಗೆ ಹೆದರಿದರು. ಆದುದರಿಂದ ಫ್ರಾನ್ಸ್ ದೇಶವು 1686ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ನಿಷೇಧಿಸಿ, 1759ರ ವರೆಗೂ ಆ ನಿಷೇಧವನ್ನು ಉಳಿಸಿಕೊಂಡಿತು. ಇಂಗ್ಲೆಂಡು 1721ರ ಕಾನೂನಿನಿಂದ ಬಹುತರದ ಅಚ್ಚಿನ ಹತ್ತಿಬಟ್ಟೆಗಳನ್ನು ಉಡುವದನ್ನೇ ತಡೆದು, 1774ರಲ್ಲಿ ಆ ತಡೆಯನ್ನು ತೆಗೆದುಹಾಕಿತು. ಒಂದು ಕಾಲಕ್ಕೆ ರಾಜ್ಯಗಳೇ ಹೆದರಿದ ಬಟ್ಟೆಯ ಚೂರನ್ನು ನಾವು ನೆಲ ಒರಸಲು ಹಾಕುತ್ತೇವೆಂಬದು ನೆನಪಿನಲ್ಲಿರಲಿ.

ಚೂರಿಗೆ ಇದಕ್ಕಿಂತಲೂ ಹೆಚ್ಚಿನ ಬೆಲೆ ಬಂದ ಸಂಗತಿಯೊಂದು ಲಂಡನ್ ನಗರದಲ್ಲಿ ನಡೆಯಿತು. ಸಾಕಲಾರದ ತಾಯಂದಿರು ತಂದೊಪ್ಪಿಸಿದ ಕೂಸುಗಳನ್ನು ಬೆಳೆಸುವದಕ್ಕಾಗಿ ಏರ್ಪಟ್ಟ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಆಶ್ರಯಧಾಮವು 1741ರಲ್ಲಿ ಅಲ್ಲಿ ತನ್ನ ಬಾಗಿಲನ್ನು ತೆರೆಯಿತು. ಮುಂದೆ ಗುರುತು ಹಿಡಿಯುವದಕ್ಕೆ ಬೇಕಾದೀತೆಂದು ಬಟ್ಟೆಯ ಚೂರೊಂದನ್ನು ಕೂಸಿನ ದಾಖಲೆಯ ಕಾಗದಕ್ಕೆ ಸೂಜಿಯಿಂದ ಚುಚ್ಚಿಡುವ ವಾಡಿಕೆಯು ಅಲ್ಲಿತ್ತು. 1767ರಲ್ಲಿ ಒಬ್ಬ ತಾಯಿ ತನ್ನ ಗಂಡುಕೂಸಿನೊಡನೆ, ಅಚ್ಚಿನ ಹಾಗೂ ನೆಯ್ಗೆಯ ಬಟ್ಟೆಗಳ ಚೂರುಗಳನ್ನು ಕೂಡಿಸಿ ಹೊಲಿದ ಸೂಜಿಚೀಲದ ಅರ್ಧವನ್ನು ಬಿಟ್ಟಳು. ಅದರ ಮೇಲೆ ಹೃದಯದ ಆಕಾರವನ್ನು ಕೆಂಪು ದಾರದಿಂದ ಕಸೂತಿ ಹಾಕಿ, ಅದನ್ನು ನಡುವೆಯೇ ಕತ್ತರಿಸಲಾಗಿತ್ತು. ಎಂಟು ವರ್ಷಗಳ ಮೇಲೆ, 1775ರಲ್ಲಿ, ಅವಳು ಬಂದು ಮಗನನ್ನು ಕರೆದುಕೊಂಡು ಹೋದಳು. 1741ರಿಂದ 1760ರ ವರೆಗೆ ಅಲ್ಲಿ ಸೇರಿದ 16,282 ಕೂಸುಗಳಲ್ಲಿ ಹೀಗೆ ಮರಳಿ ತಮ್ಮವರ ಕೈ ಸೇರಿದವು 152 ಮಾತ್ರವೆಂಬದನ್ನು ತಿಳಿದರೆ, ಆ ಸೂಜಿಚೀಲದ ಭಾಗ್ಯವು ಎಷ್ಟೆಂದು ಗೊತ್ತಾಗುವದು. ಉಳಿದ ಸಾವಿರಾರು ಚೂರುಗಳು ಇಂದಿಗೂ ಲಂಡನ್ನಿನ ದಾಖಲೆಗಳಲ್ಲಿ ಬಣ್ಣ ಮಾಸದೆ ಇರುವವು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಹಳೆಯ ಸೀರೆ, ಅಂಗಿ, ಕುಪ್ಪಸಗಳ ತುಂಡುಗಳಿಂದ ಕೌದಿಯನ್ನು ಹೊಲಿಯುವದನ್ನು ನಾವೆಲ್ಲರೂ ಬಲ್ಲೆವು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ಕೆಲಸವು ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಮಡಿಕೆ ಮಡಿಕೆಯಾದ ಮುಕ್ಕೋಣದ ತುಂಡುಗಳನ್ನು ಹಚ್ಚುವರು. ಅದಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಫೂಲವಿಲ್ಲದ ಕೌದಿಯು ಬೆತ್ತಲೆಯೆಂದು ಅವರ ಎಣಿಕೆ. ಈ ಮಾತನ್ನು ವಿದ್ಯಾರ್ಥಿನಿಯರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಕೌದಿಯಿಡೀ ತುಂಡುಗಳೇ ಇದ್ದಾಗ್ಯೂ, ನಾಲ್ಕು ಮೂಲೆಗಳಲ್ಲಿಯೂ ಒಂದೇ ತೆರನಾಗಿ ನಿಂತ ತುಂಡುಗಳೇ ಹೂವೆನಿಸಿಕೊಳ್ಳುವವು.

ಮೊದಲು ಪರೀಕ್ಷೆ, ಆಮೇಲೆ ಕತ್ತರಿ

ಗಂಟನ್ನು ಬಿಚ್ಚಿದ ಕೂಡಲೆ ಕತ್ತರಿಯನ್ನು ಕೈಗೆ ತೆಗೆದುಕೊಳ್ಳಬಾರದು. ಪ್ರತಿಯೊಂದು ತುಂಡಿಗೂ ನಾಲ್ಕು ಪರೀಕ್ಷೆಗಳನ್ನು ಮಾಡತಕ್ಕದ್ದು.

ಮೊದಲನೆಯದು ಬಲದ ಪರೀಕ್ಷೆ. ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ನೂಲು ಸವೆದ ಕಡೆಗಳು ತೆಳ್ಳಗೆ ಕಾಣುವವು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿದರೆ ಜೀರ್ಣವಾದ ಬಟ್ಟೆ ಪಿಸಿಯುವದು. ಅಂಥದನ್ನು ಉಡುಪಿಗೆ ಹಚ್ಚಬಾರದು.

ಎರಡನೆಯದು ತೂಕದ ಪರೀಕ್ಷೆ. ತುಂಡೂ ಉಡುಪೂ ಒಂದೇ ದಪ್ಪದವಿರಬೇಕು. ತೆಳುವಾದ ಮಲ್ಲಿನ ಮೇಲೆ ದಪ್ಪನೆಯ ಚೀಟಿಯನ್ನು ಹಚ್ಚಿದರೆ ಅದು ಜೋತುಬಿದ್ದು ಉಡುಪನ್ನು ಎಳೆಯುವದು.

ಮೂರನೆಯದು ಕುಗ್ಗುವಿಕೆಯ ಪರೀಕ್ಷೆ. ಹೊಸ ಹತ್ತಿಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುವದು. ಒಗೆಯದ ಹೊಸ ಬಟ್ಟೆಯ ತೇಪೆಯು ಹಳೆಯ ಉಡುಪನ್ನು ಕೆಡಿಸುವದೆಂಬ ಸುವಾರ್ತೆಯ ಸಾಮ್ಯವನ್ನು ನಮ್ಮ ಮಕ್ಕಳು ಬಲ್ಲರು. ಅದು ಹೊಲಿಗೆಯವರ ದಿನದಿನದ ಅನುಭವವೇ ಆಗಿದೆ. ತುಂಡಿನ ಮೇಲೆ ದಾರದಿಂದ 10 ಅಂಗುಲ ಅಂತರದಲ್ಲಿ ಎರಡು ಗುರುತುಗಳನ್ನು ಹಾಕಿ, ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ ಮತ್ತೆ ಅಳೆಯಿರಿ. ಅಂತರವು 9½ ಅಂಗುಲವಾಗಿದ್ದರೆ ಬಟ್ಟೆಯು ನೂರಕ್ಕೆ 5ರಷ್ಟು ಕುಗ್ಗಿತು. ಹೇಗಿದ್ದರೂ ತುಂಡು, ಉಡುಪಿನ ಬಟ್ಟೆ ಎರಡನ್ನೂ ಒಗೆದು ಇಸ್ತ್ರಿ ಮಾಡಿಯೇ ಕೆಲಸವನ್ನು ಆರಂಭಿಸುವದು ಲೇಸು.

ನಾಲ್ಕನೆಯದು ಬಣ್ಣದ ಪರೀಕ್ಷೆ. ತುಂಡಿನ ಒಂದು ಮೂಲೆಯನ್ನು ಸಾಬೂನು ನೀರಿನಲ್ಲಿ ತೋಯಿಸಿ, ಬಿಳಿಯ ಅರಿವೆಯ ಮಡಿಕೆಯಲ್ಲಿಟ್ಟು, ಅದರ ಮೇಲೆ ಭಾರವನ್ನು ಹೇರಿ ರಾತ್ರಿಯೆಲ್ಲ ಬಿಡಿರಿ. ಬೆಳಿಗ್ಗೆ ಬಿಳಿಯ ಅರಿವೆ ಬಿಳಿದಾಗಿಯೇ ಇದ್ದರೆ ಭಯವಿಲ್ಲ. ಕೆಂಪು, ಕಡುನೀಲಿ, ಕಪ್ಪು ಬಣ್ಣಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಬಿಡಕೂಡದು. ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುವದೆಂದು ಹಲವರು ಹೇಳುವರು, ಅದನ್ನು ನೆಚ್ಚಿಕೊಳ್ಳಬೇಡಿರಿ. ಎರಡು ಮೂರು ಸಲ ಒಗೆದ ಮೇಲೆಯೂ ಬಣ್ಣ ಬಿಡುವ ತುಂಡನ್ನು ಬೇರೆ ಕೆಲಸಕ್ಕೆ ಇಡುವದೇ ಬುದ್ಧಿವಂತಿಕೆ.

ನೂಲಿನ ದಿಕ್ಕು ಮತ್ತು ಕಾಗದದ ಕಿಟಕಿ

ಬಟ್ಟೆಯಲ್ಲಿ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವದು ಹೊಕ್ಕು. ನೆಯ್ದ ಅಂಚು ಉಳಿದಿದ್ದರೆ ಅದರ ಗುಂಟ ಹೋಗುವದೇ ಹಾಸು. ಅಂಚಿಲ್ಲದ ಚೂರಿನಲ್ಲಿ ಜಗ್ಗಿ ನೋಡಿ ತಿಳಿಯಬೇಕು. ಹಾಸಿನ ಕಡೆಗೆ ಬಟ್ಟೆ ಹಿಗ್ಗದು, ಹೊಕ್ಕಿನ ಕಡೆಗೆ ಸ್ವಲ್ಪ ಹಿಗ್ಗುವದು, ಓರೆಯಾಗಿ ಜಗ್ಗಿದರೆ ಬಹಳ ಹಿಗ್ಗುವದು. ಕೂಡಿಸುವ ತುಂಡಿನ ಹಾಸು ಉಡುಪಿನ ಹಾಸಿನೊಡನೆ ಸಮವಾಗಿ ನಿಲ್ಲಬೇಕು. ಹಾಗಿಲ್ಲದಿದ್ದರೆ ಎರಡು ಒಗೆತಗಳಲ್ಲಿಯೇ ತುಂಡು ಸೊಟ್ಟಗಾಗಿ ಸುತ್ತಲೂ ನೆರಿಗೆ ಬೀಳುವದು. ಕೊರಳಿನ ಸುತ್ತಿನಂಥ ಬಾಗಿದ ಕಡೆಗೆ ಮಾತ್ರ ಓರೆಪಟ್ಟಿಯೇ ಬೇಕು. ಅದು ಬಾಗಿದಂತೆ ಬಾಗುವದು.

ಇನ್ನು ಅಚ್ಚನ್ನು ಆಯುವ ಮಾತು. ಒಂದು ದಪ್ಪ ಕಾಗದದಲ್ಲಿ, ಬೇಕಾದ ಅಳತೆಯ ಕಿಟಕಿಯನ್ನು ಕತ್ತರಿಸಿ, ಅದನ್ನು ಚೀಟಿಯ ಮೇಲೆ ಅತ್ತಿತ್ತ ಸರಿಸುತ್ತ ನೋಡಿರಿ. ಕಿಟಕಿಯೊಳಗೆ ಕಂಡದ್ದೇ ಉಡುಪಿನ ಮೇಲೆ ಕಾಣುವದು. 3 ಅಂಗುಲದ ಕಿಟಕಿಯಲ್ಲಿ ಒಂದಂಗುಲದ ಹೂಗಳು ಇಡಿಯಾಗಿ ಅಂದವಾಗಿ ಕೂಡುವವು. ಐದಂಗುಲದ ದೊಡ್ಡ ಹೂವು ತಲೆ ಕಡಿದಂತೆ ಕಾಣುವದು. ಹಕ್ಕಿ, ಬಳ್ಳಿ, ಕಲಶಗಳ ಅಚ್ಚಾದರೆ ತಲೆಕೆಳಗಾಗದಂತೆ ಎಚ್ಚರವಿರಲಿ. ಬಣ್ಣದ ವಿಷಯದಲ್ಲಿ ಒಂದು ಸುಲಭವಾದ ನಿಯಮವುಂಟು: ಚೀಟಿಯಲ್ಲಿರುವ ಬಣ್ಣಗಳಲ್ಲಿ ಒಂದಾದರೂ ಉಡುಪಿನಲ್ಲಿರಬೇಕು. ಅದು ಇಲ್ಲದಿದ್ದರೆ ಆ ಬಣ್ಣದ ದಾರದಿಂದ ಉಡುಪಿನ ಅಂಚಿಗೆ ಒಂದು ಸಾಲು ಹೊಲಿಗೆಯನ್ನಾದರೂ ಹಾಕಬೇಕು.

ಕೂಡಿಸುವ ಮೂರು ಕ್ರಮಗಳು

ಹೊಲಿದ ಮೇಲೆ 3 ಅಂಗುಲ ಚೌಕವಾಗಿ ಕಾಣುವ ತುಂಡನ್ನು ಉದಾಹರಣೆಯಾಗಿ ತೆಗೆದುಕೊಳ್ಳುವ.

ಮೇಲೆ ಹಚ್ಚುವದು: ಚೀಟಿಯನ್ನು 3½ ಅಂಗುಲ ಚೌಕವಾಗಿ ಕತ್ತರಿಸಿ, 3 ಅಂಗುಲದ ದಪ್ಪ ಕಾಗದದ ಮೇಲಿಟ್ಟು ನಾಲ್ಕು ಕಡೆಗೂ ಕಾಲಂಗುಲವನ್ನು ಹಿಂದಕ್ಕೆ ಮಡಚಿ ಇಸ್ತ್ರಿ ಮಾಡಿರಿ. ಕಾಗದವನ್ನು ತೆಗೆದು, ತುಂಡನ್ನು ಉಡುಪಿನ ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಕಣ್ಣಿಗೆ ಕಾಣದಂಥ ಸಣ್ಣ ಹೊಲಿಗೆಯಿಂದ ಸುತ್ತಲೂ ಭದ್ರಪಡಿಸಿರಿ. ಕಲಿಯುವವರಿಗೆ ಇದೇ ಎಲ್ಲಕ್ಕಿಂತ ಸುಲಭ.

ಕೆಳಗೆ ಇಡುವದು: ಉಡುಪಿನಲ್ಲಿಯೇ ಕಿಟಕಿಯನ್ನು ತೆರೆದು ಚೀಟಿಯನ್ನು ಅದರ ಹಿಂದೆ ಇಡುವ ಕ್ರಮವಿದು. ಉಡುಪಿನ ಮೇಲೆ 3 ಅಂಗುಲದ ಚೌಕವನ್ನು ಗುರುತಿಸಿ, ಅದರೊಳಗೆ 2 ಅಂಗುಲದ ಚೌಕವನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಉಳಿದ ಅರ್ಧಂಗುಲದ ನಾಲ್ಕು ಮೂಲೆಗಳಲ್ಲಿ, ಗುರುತಿಗೆ ಒಂದು ನೂಲಿನಷ್ಟು ಈಚೆಗೆ ನಿಲ್ಲುವಂತೆ ಓರೆಯಾಗಿ ಸೀಳಿರಿ. ಅಂಚುಗಳನ್ನು ಒಳಗೆ ಮಡಚಿ, 4 ಅಂಗುಲದ ಚೀಟಿಯನ್ನು ಹಿಂದಿನಿಂದ ಇಟ್ಟು ಹೊಲಿಯಿರಿ. ಸೀಳಿಕೆ ಗುರುತನ್ನು ದಾಟಿದರೆ ಮೂಲೆಯಲ್ಲಿ ತೂತು ಬೀಳುವದು. ಗುರುತಿಗೆ ಬಹಳ ಮೊದಲೇ ನಿಂತರೆ ಮೂಲೆ ಗಂಟುಕಟ್ಟುವದು. ಮೊದಲು ಹಳೆಯ ಅರಿವೆಯ ಮೇಲೆ ಅಭ್ಯಾಸ ಮಾಡಿರಿ.

ನಡುವೆ ಸೇರಿಸುವದು: ಉಡುಪನ್ನೇ ಎರಡಾಗಿ ಕತ್ತರಿಸಿ, ಚೀಟಿಯ ಪಟ್ಟಿಯನ್ನು ನಡುವೆ ಕೂಡಿಸುವ ಕ್ರಮವಿದು. ಲಂಗ, ಗೌನು, ಅಂಗಿಯ ತೋಳುಗಳನ್ನು ಉದ್ದ ಮಾಡುವದಕ್ಕೆ ಇದು ಬಹಳ ಉಪಯುಕ್ತವು. ಆದರೆ ಇದರಲ್ಲಿ ಲೆಕ್ಕವು ತಪ್ಪಿದರೆ ಕೆಲಸವೆಲ್ಲವೂ ಕೆಡುವದು.

ಒಂದು ಲೆಕ್ಕ

ಒಂದು ಲಂಗವು 3 ಅಂಗುಲ ಉದ್ದವಾಗಬೇಕಾಗಿದೆ; ಕೆಳಗಿನ ಸುತ್ತಳತೆ 84 ಅಂಗುಲ; ಅಂಚಿನಿಂದ ಒಂದು ಗೇಣು ಮೇಲೆ ಲಂಗವನ್ನು ಅಡ್ಡಕ್ಕೆ ಕತ್ತರಿಸಿ ಪಟ್ಟಿಯನ್ನು ಸೇರಿಸಬೇಕಾಗಿದೆ. ಪಟ್ಟಿಯ ಅಗಲವೆಷ್ಟಿರಬೇಕು? 3 ಅಂಗುಲವೆಂದು ಹೇಳುವವಳು 2 ಅಂಗುಲದ ಮಟ್ಟಿಗೆ ಸೋಲುವಳು. ಎರಡು ಹೊಲಿಗೆಗಳಿಗಾಗಿ 4 ಅಂಗುಲವೆಂದು ಹೇಳುವವಳೂ ಒಂದಂಗುಲದ ಮಟ್ಟಿಗೆ ಸೋಲುವಳು ಎಂದರೆ ಆಶ್ಚರ್ಯವಾದೀತು. ಮೊದಲನೆಯವಳಿಗೆ ದೊರೆಯುವ ಲಾಭ ಒಂದೇ ಅಂಗುಲ, ಎರಡನೆಯವಳಿಗೆ 2 ಅಂಗುಲ. ಆದಕಾರಣ ಮೊದಲನೆಯವಳದು ನಿಜವಾಗಿ ಇಮ್ಮಡಿ ಸೋಲು. ಯಾತಕ್ಕೆಂದರೆ ಒಂದೊಂದು ಹೊಲಿಗೆಯು ಪಟ್ಟಿಯಿಂದ ಅರ್ಧಂಗುಲವನ್ನೂ ಲಂಗದಿಂದ ಅರ್ಧಂಗುಲವನ್ನೂ ನುಂಗುವದು. ಎರಡು ಹೊಲಿಗೆಗಳು ಕೂಡಿ 2 ಅಂಗುಲವನ್ನು ನುಂಗುವವು. ಆದುದರಿಂದ ಬೇಕಾದ ಉದ್ದಕ್ಕೆ 2 ಅಂಗುಲ ಸೇರಿಸಿ, ಪಟ್ಟಿಯನ್ನು 5 ಅಂಗುಲ ಅಗಲವಾಗಿ ಕತ್ತರಿಸಬೇಕು. ಹೊಲಿದ ಮೇಲೆ ಪಟ್ಟಿಯು 4 ಅಂಗುಲವಾಗಿ ಕಾಣುವದು; ಲಂಗವು 3 ಅಂಗುಲ ಉದ್ದವಾಗುವದು.

84 ಅಂಗುಲದ ಒಂದೇ ಪಟ್ಟಿ ಗಂಟಿನಲ್ಲಿ ಯಾರಿಗೂ ಸಿಕ್ಕದು. 8 ಅಂಗುಲದ ತುಂಡುಗಳನ್ನು ಅರ್ಧ ಅರ್ಧ ಅಂಗುಲದ ಹೊಲಿಗೆಯಿಂದ ಸಾಲಾಗಿ ಕೂಡಿಸಿದರೆ ಒಂದೊಂದೂ 7 ಅಂಗುಲ ಕಾಣುವದು. ಎಂದರೆ 12 ತುಂಡುಗಳು ಸಾಕು. ಮೂರು ಬಗೆಯ ಚೀಟಿಗಳಲ್ಲಿ ತಲಾ ನಾಲ್ಕು ತುಂಡುಗಳಿದ್ದರೆ, ಅವುಗಳನ್ನು ಒಂದು, ಎರಡು, ಮೂರು ಎಂಬ ಸರದಿಯಿಂದ ನಾಲ್ಕಾವರ್ತಿ ಕೂಡಿಸಿರಿ. ಸರದಿ ತಪ್ಪಬಾರದು. ಸರದಿಯಿಂದ ನಿಂತ ಹನ್ನೆರಡು ಚೂರುಗಳು ಒಂದು ಹಾರವಾಗುವವು. ಸರದಿಯಿಲ್ಲದವು ಹನ್ನೆರಡು ಚೂರುಗಳಾಗಿಯೇ ಉಳಿಯುವವು.

ತೇಪೆಯೂ ಅಲಂಕಾರವೂ

ಈಗ ಆ ಹಸಿರು ಲಂಗದ ಕಥೆಗೆ ಬರುವ. ನಾವೂ ಆ ಹುಡುಗಿಯೂ ಶಾಲೆ ಬಿಟ್ಟ ಮೇಲೆ ಲಂಗವನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಅದರ ಒಂದೇ ಒಂದು ಕೊರತೆಯೆಂದರೆ, ಕೆಂಪು ಚೀಟಿಯು ಉಡುಪಿನಲ್ಲಿ ಒಂದೇ ಕಡೆಗಿತ್ತು. ಒಂದೇ ಕಡೆಗೆ ಇರುವ ತುಂಡು, ಅಲ್ಲಿ ಬಟ್ಟೆ ಸಾಲಲಿಲ್ಲವೆಂದು ಹೇಳುವದು. ಅದೇ ತುಂಡು ಎರಡನೆಯ ಕಡೆಗೂ ಅಳತೆಯಿಂದ ಕಂಡರೆ, ಹೊಲಿದವರು ಹಾಗೆಯೇ ಆಗಲೆಂದು ಬಯಸಿದರೆಂದು ಹೇಳುವದು. ಬಟ್ಟೆ ಅದೇ, ಹೊಲಿಗೆ ಅದೇ. ಬೇರೆಯಾದದ್ದು ಅದರ ಜೊತೆ ಮಾತ್ರ.

ಆದರೆ ಎರಡನೆಯ ತುಂಡಿಗೆ ಬಟ್ಟೆ ಎಲ್ಲಿ? ಮನೆಯಲ್ಲಿ ಆ ಚೀಟಿ ಉಳಿದಿರಲಿಲ್ಲ. ಹುಡುಕುತ್ತ ಹೋದಾಗ, ಪಟ್ಟಿಯ ಎರಡು ತುದಿಗಳು ಲಂಗದ ಹಿಂದುಗಡೆ ಒಂದರ ಮೇಲೊಂದು ಗೇಣುದ್ದ ಹಾಯ್ದಿರುವದನ್ನು ಹುಡುಗಿಯೇ ಕಂಡುಹಿಡಿದಳು. ಮಗಳು ಬೆಳೆದರೆ ಬೇಕಾದೀತೆಂದು ತಾಯಿ ಬಟ್ಟೆಯನ್ನು ಕತ್ತರಿಸದೆ ಒಳಗಿಟ್ಟಿದ್ದರು. ಆ ಗೇಣುದ್ದ, 4 ಅಂಗುಲ ಅಗಲದ ತುಂಡಿನಿಂದ 3½ ಅಂಗುಲದ ಎರಡು ಚೌಕಗಳು ಬಂದವು. ರವಿಕೆಯು ಬಿಳಿದಾದುದರಿಂದ ಮೊದಲು ಕೆಂಪಿನ ಪರೀಕ್ಷೆಯನ್ನು ಮಾಡಿ ಒಂದು ರಾತ್ರಿ ಕಾದೆವು. ಬಿಳಿಯ ಅರಿವೆ ಬಿಳಿದಾಗಿಯೇ ಇತ್ತು. ಮರುದಿನ ಎರಡು ತೋಳುಗಳ ಮೇಲೂ ಒಂದೊಂದು ಚೌಕವನ್ನು ಅವಳೇ ಮೇಲೆ ಹಚ್ಚುವ ಕ್ರಮದಿಂದ ಹೊಲಿದಳು. ಕೊರಳಿನ ಸುತ್ತಲೂ ಹಸಿರು ದಾರದ ಒಂದು ಸಾಲನ್ನೂ ಹಾಕಿದಳು. ನಾವು ಸೂಜಿಯನ್ನು ಮುಟ್ಟಲಿಲ್ಲ.

ಉತ್ಸವದ ದಿನ ಅವಳು ಮುಂದಿನ ಸಾಲಿನಲ್ಲಿ ನಿಂತು ಹಾಡಿದಳು. ತೇಪೆಯೆಂಬ ಮಾತನ್ನು ಯಾರೂ ಆಡಲಿಲ್ಲ. ಹಿಂದೆ ನಕ್ಕವರಲ್ಲಿಯೇ ಇಬ್ಬರು ಮುಂದಿನ ಹೊಲಿಗೆಯ ತರಗತಿಗೆ ತಮ್ಮ ಮನೆಯ ಗಂಟುಗಳನ್ನು ಹೊತ್ತು ತಂದರು. ಕಾರ್ಯಕ್ರಮವು ಮುಗಿದ ಮೇಲೆ ಅವಳ ತಾಯಿ ಬಂದು, ಏನೂ ಹೇಳದೆ, ಮಗಳ ತೋಳನ್ನು ಹಿಡಿದು, ರವಿಕೆಯ ಒಳಮಗ್ಗುಲನ್ನು ತಿರುಗಿಸಿ ಹೊಲಿಗೆಯನ್ನು ನೋಡಿದರು. ಹೊರಗಿನ ಅಂದವನ್ನು ಯಾರಾದರೂ ನೋಡುವರು. ಒಳಗಿನ ಹೊಲಿಗೆಯನ್ನು ನೋಡುವವರು ಹೊಲಿಯಬಲ್ಲವರೇ. ನೋಡಿ, "ನೆಟ್ಟಗಿದೆ" ಎಂದರು.

ಪ್ರಿಯ ವಿದ್ಯಾರ್ಥಿನಿಯರೇ, ಈ ಸಲದ ರಜೆಯಲ್ಲಿ ನಿಮ್ಮ ಮನೆಯ ಗಂಟನ್ನು ಬಿಚ್ಚಿ ನೋಡಿರಿ. ಒಗೆಯದೆ ಹೊಲಿಯಬೇಡಿರಿ, ಅಳೆಯದೆ ಕತ್ತರಿಸಬೇಡಿರಿ, ಒಂದು ತುಂಡನ್ನು ಜೊತೆಯಿಲ್ಲದೆ ಒಂಟಿಯಾಗಿ ನಿಲ್ಲಿಸಬೇಡಿರಿ. ಇನ್ನೊಬ್ಬಳ ಉಡುಪಿನಲ್ಲಿ ಕೂಡಿಸಿದ ತುಂಡೊಂದು ನಿಮ್ಮ ಕಣ್ಣಿಗೆ ಬಿದ್ದರೆ, ನಗುವದಕ್ಕೆ ಮೊದಲು, ಅದನ್ನು ಯಾರು ಯಾವ ಹೊತ್ತಿನಲ್ಲಿ ಕೂತು ಹೊಲಿದಿರಬಹುದೆಂದು ಒಂದು ಕ್ಷಣ ಯೋಚಿಸಿರಿ.